ಕೆನಡಿಗಿಂತ ಮುಂಚೆ ಅಲ್ ಸ್ಮಿತ್ ಇದ್ದರು

1960ರಲ್ಲಿ ಗೆದ್ದ ಜಾನ್ ಎಫ್. ಕೆನಡಿಗಿಂತ ಮುಂಚೆ ಒಬ್ಬ ಕ್ಯಾಥೊಲಿಕ್ಕರೂ ಅಮೆರಿಕದ ಅಧ್ಯಕ್ಷರಾಗಲಿಲ್ಲ, ಜನಕ್ಕೆ ಅವರ ಮೇಲೆ ಅಷ್ಟೊಂದು ದ್ವೇಷವಿತ್ತಾ ಅಂತ ಕೇಳಿದ್ದೀರಿ. ಇತ್ತು. ಜೊತೆಗೆ ಭಯವೂ ಇತ್ತು. ಆ ಭಯ ಎಂಥದ್ದು ಅಂತ ನನಗೆ ಗೊತ್ತಾಗಿದ್ದು 1928ರ ಚುನಾವಣೆಯ ಬಗ್ಗೆ ಓದಿದಾಗ.

ಆ ವರ್ಷ ಡೆಮಾಕ್ರಟಿಕ್ ಪಕ್ಷದಿಂದ ನಿಂತವರು ಅಲ್ ಸ್ಮಿತ್. ದೊಡ್ಡ ಪಕ್ಷವೊಂದು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ ಮೊದಲ ಕ್ಯಾಥೊಲಿಕ್. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು, ನ್ಯೂಯಾರ್ಕಿನ ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ದುಡಿದವರು. 1911ರಲ್ಲಿ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತಾಗ, ಕಾರ್ಮಿಕರ ಸುರಕ್ಷತೆಗೆ ಕಾನೂನು ತರಲು ಓಡಾಡಿದವರು. ನಾಲ್ಕು ಸಲ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ ಗೆದ್ದಿದ್ದರು. ಇಂಥವರ ಬಗ್ಗೆ ಹಬ್ಬಿದ ಮಾತೇನು ಗೊತ್ತಾ? ಇವರು ಗೆದ್ದರೆ ದೇಶವನ್ನು ರೋಮ್‌ನಿಂದ ಕ್ಯಾಥೊಲಿಕ್ಕರ ಧರ್ಮಗುರು ಪೋಪ್ ಆಳುತ್ತಾರೆ ಅಂತ.

ಆಗಷ್ಟೇ ಹಡ್ಸನ್ ನದಿಯ ಕೆಳಗೆ ಹಾಲೆಂಡ್ ಸುರಂಗ ತೆರೆದಿತ್ತು. ಅದು ನ್ಯೂಯಾರ್ಕಿನಿಂದ ನ್ಯೂಜೆರ್ಸಿಗೆ ಹೋಗುವ ರಸ್ತೆ, ಅಷ್ಟೇ. ಅದರ ಫೋಟೋ ಹಂಚಿ, ರೋಮ್‌ಗೆ ಗುಟ್ಟಾಗಿ ದಾರಿ ತೋಡುತ್ತಿದ್ದಾರೆ ಅಂದರು. ನಂಬಿದವರೂ ಇದ್ದರು! ಸ್ಮಿತ್ ರೈಲಿನಲ್ಲಿ ಓಕ್ಲಹೋಮಾಕ್ಕೆ ಪ್ರಚಾರಕ್ಕೆ ಹೋದಾಗ, ಹಳಿಯ ಪಕ್ಕದ ಬಯಲಲ್ಲಿ, ಕಪ್ಪು ಜನರನ್ನೂ ಕ್ಯಾಥೊಲಿಕ್ಕರನ್ನೂ ದ್ವೇಷಿಸುತ್ತಿದ್ದ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಶಿಲುಬೆಗಳಿಗೆ ಬೆಂಕಿ ಹಚ್ಚಿದ್ದರು. ಅದನ್ನು ಕಂಡೂ ಅವರು ಸುಮ್ನಾಗಲಿಲ್ಲ. ಓಕ್ಲಹೋಮಾ ಸಿಟಿಯ ಸಭೆಯಲ್ಲೇ ಈ ಧರ್ಮದ್ವೇಷದ ವಿಷಯ ಎತ್ತಿ, ಅದು ತಪ್ಪು ಅಂತ ನೇರವಾಗಿ ಮಾತಾಡಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲೇ.

ಸೋಲಿಗೆ ಧರ್ಮವೊಂದೇ ಕಾರಣ ಅನ್ನೋದು ತಪ್ಪಾಗುತ್ತದೆ. ದೇಶದಲ್ಲಿ ದುಡ್ಡು ಓಡಾಡುತ್ತಿತ್ತು, ಆಳುತ್ತಿದ್ದ ರಿಪಬ್ಲಿಕನ್ನರ ಮೇಲೆ ಜನಕ್ಕೆ ಸಿಟ್ಟಿರಲಿಲ್ಲ. ಪಾನನಿಷೇಧಕ್ಕೆ ಸ್ಮಿತ್ ವಿರೋಧ ಇದ್ದದ್ದೂ ಹಳ್ಳಿಗಳಲ್ಲಿ ಹಿಡಿಸಲಿಲ್ಲ. ರಿಪಬ್ಲಿಕನ್ ಅಭ್ಯರ್ಥಿ ಹರ್ಬರ್ಟ್ ಹೂವರ್‌ಗೆ 444 ಎಲೆಕ್ಟೊರಲ್ ಮತ (ರಾಜ್ಯಗಳ ಲೆಕ್ಕದಲ್ಲಿ ಅಧ್ಯಕ್ಷರನ್ನು ಆರಿಸುವ ಮತ), ಇವರಿಗೆ 87. ಆದರೆ ದಶಕಗಳಿಂದ ಡೆಮಾಕ್ರಟಿಕ್ ಪಕ್ಷದ ಕೈಬಿಡದಿದ್ದ ಟೆಕ್ಸಾಸ್, ಫ್ಲಾರಿಡಾ ಕೂಡ ಈ ಸಲ ಹೂವರ್ ಕಡೆ ಹೋದವು. ಅಲ್ಲಿ ಧರ್ಮದ ಪಾತ್ರ ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

1960ರಲ್ಲೂ ಆ ಭಯ ಪೂರ್ತಿ ಹೋಗಿರಲಿಲ್ಲ. ಸೆಪ್ಟೆಂಬರ್ 12ರಂದು ಕೆನಡಿ ಹ್ಯೂಸ್ಟನ್‌ಗೆ ಹೋಗಿ, ಪೋಪ್ ಅಧಿಕಾರ ಒಪ್ಪದ ಪ್ರೊಟೆಸ್ಟೆಂಟ್ ಪಂಥದ ಪಾದ್ರಿಗಳ ಮುಂದೆ ನಿಂತು, ನಾನು ಕ್ಯಾಥೊಲಿಕ್ಕರ ಅಭ್ಯರ್ಥಿಯಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಅಂತ ಹೇಳಬೇಕಾಯಿತು. ದೇಶದ ಒಟ್ಟು ಜನರ ಮತ ಲೆಕ್ಕ ಹಾಕಿದರೆ ಗೆದ್ದಿದ್ದು ಬರೀ 1 ಲಕ್ಷ 12 ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ.

1928ರಲ್ಲಿ ಸ್ಮಿತ್ ಗೆದ್ದಿದ್ದು ಎಂಟೇ ರಾಜ್ಯ. ಕೆನಡಿ ಹುಟ್ಟಿದ ಮ್ಯಾಸಚೂಸೆಟ್ಸ್ ಅದರಲ್ಲೊಂದು. ಕೆನಡಿ ಆಗ 11 ವರ್ಷದ ಹುಡುಗ.