ಕೊಲ್ಲದಿದ್ದರೆ ಸಾಕೇ? ಕಪ್ಪತಗುಡ್ಡದ ತೋಳಗಳ ಬಗ್ಗೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ತೋಳಗಳನ್ನು ಯಾರೂ ಕೊಲ್ಲದಿದ್ದರೆ ತಾವಾಗಿಯೇ ಹೆಚ್ಚುತ್ತವೆ ಅಲ್ವಾ, ತಳಿ ಕೆಡುವ ಚಿಂತೆ ಯಾಕೆ ಎಂದು ಕೇಳಿದ್ದೀರಿ. ನಮ್ಮ ಊರು ಅದೇ ಗುಡ್ಡದ ಬುಡದಲ್ಲಿದೆ. ಮನೆಯಲ್ಲಿ ಕುರಿಗಳಿದ್ದವು, ಅಲ್ಲಿಂದಲೇ ಶುರು ಮಾಡುತ್ತೇನೆ.

ಅಪ್ಪ ಎರಡು ವರ್ಷಕ್ಕೊಮ್ಮೆ ಬೀಜದ ಟಗರು ಬದಲಿಸುತ್ತಿದ್ದರು. ಎಷ್ಟೇ ಚಂದದ ಟಗರಿರಲಿ, ಮಾರಿಬಿಟ್ಟು ಸಂತೆಯಿಂದ ಬೇರೆ ಊರಿನದನ್ನು ತರುತ್ತಿದ್ದರು. ಒಂದು ಬರಗಾಲದಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ, ಹಳೆಯದನ್ನೇ ಇಟ್ಟುಕೊಂಡರು. ಅದರದೇ ಹೆಣ್ಣುಮರಿಗಳು ಬೆಳೆದು ಅದಕ್ಕೇ ಗಬ್ಬವಾದವು. ಈದ ಮರಿಗಳಲ್ಲಿ ಕೆಲವು ಎದ್ದು ಮೊಲೆಗೆ ಬಾಯಿ ಹಾಕಲೂ ಇಲ್ಲ. ಒಂದಕ್ಕೆ ನಾನೇ ಬಾಟಲಿಯಲ್ಲಿ ಗಿಣ್ಣದ ಹಾಲು ಕುಡಿಸಿದೆ. ಮೂರನೇ ದಿನ ಸತ್ತಿತು.

ಪ್ರತಿ ಪ್ರಾಣಿಯಲ್ಲೂ ಒಂದಿಷ್ಟು ಕೆಟ್ಟ ಜೀನ್‌ಗಳು ಅಡಗಿರುತ್ತವೆ. ತಾಯಿಯಿಂದಲೂ ತಂದೆಯಿಂದಲೂ ಅದೇ ಬಂದರೆ ಹೆಚ್ಚಿನವು ಆಗ ತಮ್ಮ ಗುಣ ತೋರಿಸುತ್ತವೆ. ರಕ್ತಸಂಬಂಧದಲ್ಲೇ ಕೂಡಿದರೆ ಇದು ಜಾಸ್ತಿ.

ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪೂಮಾಗಳಿವೆ, ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ. ಬೇಟೆ ನಿಷೇಧವಾಗಿ ದಶಕಗಳಾಗಿದ್ದರೂ 1990ರ ದಶಕದ ಶುರುವಿನಲ್ಲಿ ಅಲ್ಲಿ ಉಳಿದಿದ್ದು 20–30 ಮಾತ್ರ. ತಮ್ಮತಮ್ಮಲ್ಲೇ ಕೂಡಿ ಬಾಲ ಡೊಂಕು, ಕೆಲವಕ್ಕೆ ಹೃದಯದಲ್ಲಿ ತೂತು, ಎಷ್ಟೋ ಗಂಡುಗಳಿಗೆ ಬೀಜ ಕೆಳಗಿಳಿದೇ ಇರಲಿಲ್ಲ. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಟ್ಟರು. ಅವುಗಳಲ್ಲಿ 5 ಮರಿ ಹಾಕಿದವು. ಮುಂದೆ ಸಂಖ್ಯೆ ನೂರು ದಾಟಿತು. ನಮ್ಮಪ್ಪ ಸಂತೆಯಿಂದ ಟಗರು ತಂದ ಹಾಗೇ ಇದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ತೋಳಕ್ಕೆ ಸಂತೆ ಇಲ್ಲ. ಬೆಳೆದ ಮರಿ ಗುಂಪು ಬಿಟ್ಟು, ಹತ್ತಾರು ಕಿಲೋಮೀಟರ್ ನಡೆದು, ಬೇರೆ ಕಡೆಯ ಜೋಡಿ ಹುಡುಕಬೇಕು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 244 ಚದರ ಕಿಲೋಮೀಟರ್. ಆಗಿದ್ದು ಬಹಳ ಒಳ್ಳೆಯದು. ಆದರೆ ತೋಳ ನಡೆಯುವ ದಾರಿ ಗಡಿಯ ಹೊರಗಿನ ಮಡ್ಡಿ (ಕಲ್ಲು, ಕುರುಚಲಿನ ಒಣ ನೆಲ), ಹುಲ್ಲುಗಾವಲು, ಹೊಲಗಳಲ್ಲಿದೆ. ಅಲ್ಲಿ ರಸ್ತೆ ಅಗಲವಾಗುತ್ತಿದೆ, ಬೇಲಿ ಏಳುತ್ತಿದೆ. ಮಡ್ಡಿಯನ್ನು ಸುಮ್ನೆ ಬಿದ್ದಿರುವ ಭೂಮಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ.

ಇನ್ನೊಂದು ಅಪಾಯವೂ ಇದೆ. ಜೋಡಿ ಸಿಗದ ತೋಳ ನಾಯಿಯ ಜೊತೆ ಕೂಡುತ್ತದೆ. ಪುಣೆ ಹತ್ತಿರ ಬಣ್ಣ ಬೇರೆಯಾಗಿ ಕಂಡ ತೋಳಗಳ ಕೂದಲು ಪರೀಕ್ಷಿಸಿದಾಗ ಅವು ನಾಯಿಯ ಬೆರಕೆ ಎಂದು 2023ರಲ್ಲಿ ಖಚಿತವಾಯಿತು. ನಮ್ಮ ಊರುಗಳ ಅಂಚಿನಲ್ಲಿ ಬೀದಿನಾಯಿಗಳಿಗೆ ಲೆಕ್ಕವೇ ಇಲ್ಲ. ಅವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಎಂದು ಪ್ರತಿ ಗ್ರಾಮಸಭೆಯಲ್ಲೂ ಕೇಳುತ್ತಿದ್ದೇನೆ. ನಿಮ್ಮೂರಿನಲ್ಲೂ ಕೇಳಿ.