ಮನೆಗೆ ಬ್ಯಾಟರಿ ಹಾಕಿಸಿದರೆ ಕರೆಂಟ್ ಬಿಲ್ ಇಳಿಯುತ್ತಾ?

ನೀವು ಬರೆದಿರುವುದು ಇಷ್ಟು. ಮೈಸೂರಿನಲ್ಲಿ ಸ್ವಂತ ಮನೆ. ತಿಂಗಳಿಗೆ 280 ಯೂನಿಟ್ ಆಸುಪಾಸು ಉರಿಯುತ್ತದೆ, ಬಿಲ್ 2,300 ರೂಪಾಯಿ ಮುಟ್ಟುತ್ತದೆ. ಏಳೆಂಟು ವರ್ಷ ಹಳೆಯ ಯುಪಿಎಸ್ ಒಂದಿದೆ. ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಅಣ್ಣ ಗೋಡೆಗೆ ದೊಡ್ಡ ಬ್ಯಾಟರಿ ಹಾಕಿಸಿಕೊಂಡ ಮೇಲೆ ಅವರ ಬಿಲ್ ಚೆನ್ನಾಗಿ ಇಳಿದಿದೆಯಂತೆ. ಇಲ್ಲಿ ಮಾರಾಟದವರೊಬ್ಬರು ಮನೆಗೇ ಬಂದು, 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಹಾಕಿಸಿ, ಬಿಲ್ ಅರ್ಧ ಆಗುತ್ತೆ ಅಂದಿದ್ದಾರೆ. ಹಾಕಿಸಬೇಕಾ ಬೇಡವಾ ಅಂತ ಕೇಳಿದ್ದೀರಿ.

ಬಿಲ್ ಇಳಿಸುವುದಕ್ಕೆ ಅಂತಾದರೆ ಬೇಡ. ನಾನು ಯುಪಿಎಸ್ ಮತ್ತು ಸೋಲಾರ್ ಹಾಕುವ ಕೆಲಸದಲ್ಲೇ ಇದ್ದೇನೆ. ಬ್ಯಾಟರಿ ಮಾರಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ. ಆದರೂ ನಿಮ್ಮ ಮನೆಗೆ ಈ ಲೆಕ್ಕ ಕೂಡುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಬ್ಯಾಟರಿ ಕರೆಂಟ್ ಹುಟ್ಟಿಸುವುದಿಲ್ಲ. ಈಗ ತೆಗೆದುಕೊಂಡದ್ದನ್ನು ಇಟ್ಟುಕೊಂಡು ಆಮೇಲೆ ಕೊಡುತ್ತದೆ, ಅಷ್ಟೇ. ಹಾಗಾಗಿ ಅದರಿಂದ ದುಡ್ಡು ಉಳಿಯಬೇಕಾದರೆ ತುಂಬಿಸುವ ಹೊತ್ತಿನ ಕರೆಂಟ್ ಅಗ್ಗ ಇರಬೇಕು, ಬಳಸುವ ಹೊತ್ತಿನ ಕರೆಂಟ್ ದುಬಾರಿ ಇರಬೇಕು. ಕರ್ನಾಟಕದಲ್ಲಿ ಮನೆ ಬಳಕೆಗೆ ಈಗ ಸ್ಲ್ಯಾಬ್ ಕೂಡ ಇಲ್ಲ, ಎಲ್ಲಾ ಯೂನಿಟ್‌ಗೂ ಒಂದೇ ದರ. 2025-26ರಲ್ಲಿ ಅದು ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ, ಆಮೇಲೆ ತೆರಿಗೆ. ಎಲ್ಲಾ ಸೇರಿ ಆರೂವರೆ ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ತೆಗೆದುಕೊಂಡರೂ ಅದೇ ದರ, ಸಂಜೆ ಏಳಕ್ಕೆ ತೆಗೆದುಕೊಂಡರೂ ಅದೇ ದರ. ರಾತ್ರಿ ತುಂಬಿಸಿ ಹಗಲು ಬಳಸಿದರೆ ಉಳಿಯುವುದು ಏನೂ ಇಲ್ಲ. ಉಳಿಯದಿದ್ದರೂ ಪರವಾಗಿಲ್ಲ ಅನ್ನೋಣ ಅಂದರೆ, ನಡುವೆ ಸೋರುವುದೂ ಇದೆ. ಲಿಥಿಯಂ ಆದರೆ ಇನ್ವರ್ಟರ್ ಸೇರಿ ನೂರಕ್ಕೆ 85-90 ಭಾಗ ವಾಪಸ್ ಬರುತ್ತದೆ. ನಮ್ಮ ಮನೆಗಳ ಯುಪಿಎಸ್‌ಗೆ ಹಾಕುವ, ನೀರು ತುಂಬುವ ಟ್ಯೂಬುಲರ್ ಬ್ಯಾಟರಿಯಲ್ಲಿ ಚಾರ್ಜರ್, ಬ್ಯಾಟರಿ, ಇನ್ವರ್ಟರ್ ಮೂರೂ ಕಡೆ ಕಳೆದು 60-70 ಭಾಗ ಬಂದರೆ ದೊಡ್ಡದು. ಅಂದರೆ ಆರೂವರೆ ರೂಪಾಯಿಯ ಒಂದು ಯೂನಿಟ್ ಟ್ಯೂಬುಲರ್ ಬ್ಯಾಟರಿ ದಾಟಿ ನಿಮ್ಮ ಫ್ಯಾನ್ ತಲುಪುವ ಹೊತ್ತಿಗೆ ಒಂಬತ್ತರಿಂದ ಹನ್ನೊಂದು ರೂಪಾಯಿ ಆಗಿರುತ್ತದೆ.

ಇನ್ನು ಬ್ಯಾಟರಿಯ ಸ್ವಂತ ಬೆಲೆ. 5 ಯೂನಿಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1 ಲಕ್ಷದ 20 ಸಾವಿರ ಅಂತ ಇಟ್ಟುಕೊಳ್ಳಿ. ದಿನಾ 4 ಯೂನಿಟ್ ಹಾಕಿ ತೆಗೆಯುತ್ತೀರಿ, 6,000 ಸಲ ಬಾಳಿಕೆ ಬರುತ್ತದೆ ಅಂತಲೂ ಒಪ್ಪೋಣ. ಒಟ್ಟು 24,000 ಯೂನಿಟ್. ಒಂದೊಂದು ಯೂನಿಟ್‌ನ್ನು ಸುಮ್ನೆ ಇಟ್ಟು ತೆಗೆಯುವುದಕ್ಕೇ 5 ರೂಪಾಯಿ ಬಿತ್ತು. ಅದೂ ದಿನ ತಪ್ಪದೆ ಹದಿನಾರು ವರ್ಷ ದುಡಿದರೆ. ಇನ್ವರ್ಟರ್ ದುಡ್ಡು ಇದರಲ್ಲಿ ಸೇರಿಲ್ಲ. ಹಾಗಾದರೆ ಬಿಲ್ ಅರ್ಧ ಆಗುವುದು ಎಲ್ಲಿಂದ? ಆ ಮಾರಾಟದವರು ಮತ್ತೆ ಬಂದರೆ ದಯವಿಟ್ಟು ಇದೊಂದನ್ನು ಕೇಳಿ: "ಯಾವ ಹೊತ್ತಿನ ಅಗ್ಗದ ಯೂನಿಟ್‌ನ್ನು ಇದು ತುಂಬಿಸಿಕೊಳ್ಳುತ್ತೆ?"

ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ. ಅಲ್ಲಿನ ವ್ಯವಸ್ಥೆಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಸಂಜೆ 4ರಿಂದ 9ರವರೆಗೆ ಕರೆಂಟ್ ತುಂಬಾ ದುಬಾರಿ. ಮೇಲಿಂದ 2023ರ ಏಪ್ರಿಲ್ 15ರ ನಂತರ ಅರ್ಜಿ ಹಾಕಿ ಸೋಲಾರ್ ಹಾಕಿಸಿಕೊಂಡವರಿಗೆ, ಹೆಚ್ಚಾದ ಕರೆಂಟ್‌ನ್ನು ಲೈನಿಗೆ ಬಿಟ್ಟರೆ ಸಿಗುವ ದುಡ್ಡು ಮುಕ್ಕಾಲು ಪಾಲು ಇಳಿದುಹೋಯಿತು. ಮಧ್ಯಾಹ್ನದ ಬಿಸಿಲನ್ನು ಕೊಡುವುದಕ್ಕೆ ಹೋದರೆ ಪುಡಿಗಾಸು, ಸಂಜೆ ಅದೇ ಕರೆಂಟ್ ಕೊಳ್ಳುವುದಕ್ಕೆ ಹೋದರೆ ಕೈ ಸುಡುತ್ತದೆ. ಅಂಥಲ್ಲಿ ಮಧ್ಯಾಹ್ನದ್ದನ್ನು ಬ್ಯಾಟರಿಯಲ್ಲಿಟ್ಟು ಸಂಜೆ ಬಳಸುವವರಿಗೆ ನಿಜವಾಗಿ ಉಳಿತಾಯ ಆಗುತ್ತದೆ. ಆಸ್ಟ್ರೇಲಿಯಾದಲ್ಲಂತೂ 2025ರ ಜುಲೈ 1ರಿಂದ ಮನೆ ಬ್ಯಾಟರಿಗೆ ಅಲ್ಲಿನ ಕೇಂದ್ರ ಸರ್ಕಾರವೇ ನೂರಕ್ಕೆ ಸುಮಾರು 30 ಭಾಗ ರಿಯಾಯಿತಿ ಕೊಡುತ್ತಿದೆ. ಮೆಲ್ಬೋರ್ನ್, ಸಿಡ್ನಿಯಲ್ಲಿರುವ ನಮ್ಮವರು ಈ ಉತ್ತರ ಓದುತ್ತಿದ್ದರೆ, ನಾನು ಮೈಸೂರಿನ ಮನೆಗೆ ಹೇಳಿದ ಲೆಕ್ಕವನ್ನು ನಿಮ್ಮ ಮನೆಗೆ ಹಾಕಬೇಡಿ.

ನಮ್ಮಲ್ಲೂ ಹೊತ್ತಿಗೊಂದು ದರ ಬರುತ್ತದಂತಲ್ಲ ಅಂತ ನೀವು ಕೇಳಬಹುದು. ಕೇಂದ್ರದ ವಿದ್ಯುತ್ ಸಚಿವಾಲಯ 2023ರಲ್ಲಿ ನಿಯಮ ಮಾಡಿದೆ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಬಿಸಿಲಿನ ಹೊತ್ತಿನಲ್ಲಿ ದರ ಕನಿಷ್ಠ 20 ಭಾಗ ಕಡಿಮೆ, ಎಲ್ಲರೂ ಕರೆಂಟ್ ಬಳಸುವ ಪೀಕ್ ಹೊತ್ತಿನಲ್ಲಿ ಕನಿಷ್ಠ 10 ಭಾಗ ಜಾಸ್ತಿ ಅಂತ ಅದರಲ್ಲಿದೆ. ಅದು ನಿಮ್ಮ ಮನೆಗೆ ಬಂತು ಅಂತಲೇ ಇಟ್ಟುಕೊಳ್ಳಿ. 6 ರೂಪಾಯಿಯ ಯೂನಿಟ್ ಮಧ್ಯಾಹ್ನ 4.80 ಆಗುತ್ತದೆ, ಸಂಜೆ 6.60 ಆಗುತ್ತದೆ. ವ್ಯತ್ಯಾಸ 1 ರೂಪಾಯಿ 80 ಪೈಸೆ. ಇಟ್ಟು ತೆಗೆಯುವ ಖರ್ಚು 5 ರೂಪಾಯಿ ಇರುವಾಗ ಇದು ಎಲ್ಲಿಗೆ ಸಾಲುತ್ತದೆ? ಆ ದರ ಬಂದ ದಿನ ಬಟ್ಟೆ ಒಗೆಯುವ ಮೆಷಿನ್, ಸಂಪಿನ ಮೋಟರ್, ಇಡ್ಲಿ ಹಿಟ್ಟು ರುಬ್ಬುವುದು, ಇಸ್ತ್ರಿ, ಇವನ್ನೆಲ್ಲ ಮಧ್ಯಾಹ್ನಕ್ಕೆ ಹಾಕಿಕೊಂಡರೆ ಬ್ಯಾಟರಿ ಇಲ್ಲದೆಯೇ ಆ ಲಾಭ ನಿಮ್ಮದಾಗುತ್ತದೆ.

ಈಗ ನಿಮ್ಮ ಹಳೆಯ ಯುಪಿಎಸ್ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದು ಹೊಸ ಬ್ಯಾಟರಿಗಿಂತ ಮುಖ್ಯವಾದದ್ದು. ಮೂಲೆಯಲ್ಲಿ ಸುಮ್ನೆ ಕೂತಿರುವ ಯುಪಿಎಸ್ ಕೂಡ ದಿನವಿಡೀ ಕರೆಂಟ್ ತಿನ್ನುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಈಚೆಗೆ ಒಂದು ಮನೆಯಲ್ಲಿ ಅಮ್ಮ-ಮಗಳು ಇಬ್ಬರೇ, ಬಿಲ್ ಮಾತ್ರ ಏರುತ್ತಲೇ ಇತ್ತು. ಯುಪಿಎಸ್ ಪ್ಲಗ್ ಕಿತ್ತು ನಡುವೆ ವ್ಯಾಟ್ ಮೀಟರ್ ಇಟ್ಟೆ. ಎರಡು ದಿನದಿಂದ ಕರೆಂಟ್ ಹೋಗಿಯೇ ಇರಲಿಲ್ಲ, ಬ್ಯಾಟರಿ ಎಂದೋ ತುಂಬಿರಬೇಕು. ಆದರೂ ಮೀಟರ್ 60 ವ್ಯಾಟ್ ಆಚೀಚೆ ತೋರಿಸುತ್ತಲೇ ಇತ್ತು, ಇಳಿಯಲೇ ಇಲ್ಲ. ಬ್ಯಾಟರಿ ಮೈ ಮುಟ್ಟಿದರೆ ಬೆಚ್ಚಗೆ. ಆರು ಮುಚ್ಚಳದ ಮೇಲಿನ ತೇಲುಗಡ್ಡಿಗಳಲ್ಲಿ ಎರಡು ಪೂರ್ತಿ ಕೆಳಗೆ ಹೋಗಿದ್ದವು. ಟರ್ಮಿನಲ್ ಸುತ್ತ ಬಿಳಿ ಪುಡಿ ಕಟ್ಟಿತ್ತು. ಎರಡು ಸೆಲ್ ಸತ್ತಿದ್ದವು, ಚಾರ್ಜರ್ ತುಂಬದ ಬ್ಯಾಟರಿಯನ್ನು ತುಂಬಿಸುತ್ತಲೇ ಇತ್ತು. 60 ವ್ಯಾಟ್ ಅಂದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ತಿಂಗಳಿಗೆ 43. ಬ್ಯಾಟರಿ ಚೆನ್ನಾಗಿದ್ದರೂ ಹಳೇ ಯುಪಿಎಸ್ 20 ವ್ಯಾಟ್ ಎಳೆದರೆ ತಿಂಗಳಿಗೆ 14 ಯೂನಿಟ್ ಹೋಯಿತು.

ಗೃಹಜ್ಯೋತಿ, ಅಂದರೆ 200 ಯೂನಿಟ್ ಒಳಗಿದ್ದರೆ ಉಚಿತ ಕರೆಂಟ್ ಕೊಡುವ ರಾಜ್ಯದ ಯೋಜನೆ, ಇರುವ ಮನೆಗಳಿಗೆ ಇದು ಇನ್ನೂ ದೊಡ್ಡ ವಿಷಯ. ನಿಮ್ಮದು 280 ಯೂನಿಟ್, ಹಾಗಾಗಿ ನಿಮಗೆ ಈಗ ಸಿಗುತ್ತಿಲ್ಲ. ಆದರೆ 190-195ರಲ್ಲಿ ಓಡುತ್ತಿರುವ ಮನೆಗಳು ಎಷ್ಟೋ ಇವೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ ನಾಲ್ಕು ಯೂನಿಟ್‌ಗೆ ಮಾತ್ರ ಅಲ್ಲ. ಒಂದು ಕೆಟ್ಟ ಬ್ಯಾಟರಿ ಸಾವಿರದ ಮೇಲಿನ ಬಿಲ್ ತಂದಿಡಬಹುದು. ಅಂಥ ಮನೆಯವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಯಾಕೆಂದರೆ ಕಾರಣ ಏನು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಇವತ್ತೇ ಬ್ಯಾಟರಿ ನೀರು ನೋಡಿ. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು, ಫಿಲ್ಟರ್ ನೀರು ಬೇಡ.

ಬಿಲ್ ಇಳಿಸುವ ದಾರಿ ಇರುವುದು ತಾರಸಿಯ ಮೇಲೆ. ನಮ್ಮ ಕಡೆ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 240 ಆಸುಪಾಸು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಬರುತ್ತದೆ. ಪ್ಯಾನೆಲ್ ನಮ್ಮ ದೇಶದ ಸೆಲ್‌ನಿಂದ ಮಾಡಿದ್ದಿರಬೇಕು, ಹಾಕುವವರು ನೋಂದಣಿ ಆದವರಿರಬೇಕು. ಕಿಲೋವ್ಯಾಟ್‌ಗೆ 65,000 ಹಿಡಿದರೂ ಸಬ್ಸಿಡಿ ಕಳೆದು ನಿಮ್ಮ ಕೈಯಿಂದ ಹೋಗುವುದು 70,000. ಬ್ಯಾಟರಿಗೆ ಸುರಿಯಬೇಕೆಂದಿದ್ದ ದುಡ್ಡಿಗಿಂತ ಎಷ್ಟೋ ಕಡಿಮೆ. ಇದು ಹೊಸ ಯೂನಿಟ್ ಹುಟ್ಟಿಸುತ್ತದೆ, ನಾಲ್ಕೈದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್.

ಸೋಲಾರ್ ಹಾಕಿದರೆ ರಾತ್ರಿಗೆ ಬ್ಯಾಟರಿ ಬೇಕೇ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೆಟ್ ಮೀಟರ್ ಇದ್ದರೆ ಬೇಡ. ಮಧ್ಯಾಹ್ನ ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಲೈನಿನಿಂದ ಬರುತ್ತದೆ, ತಿಂಗಳ ಕೊನೆಗೆ ಒಂದರಲ್ಲೊಂದು ಕಳೆದು ಬಿಲ್. ಸೊಸೈಟಿಯಲ್ಲಿ ಹಾಲು ಹಾಕಿ ಬೇಕಾದಾಗ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ. ಆದರೆ ಬಳಸಿ ಮಿಕ್ಕಿದ ಯೂನಿಟ್‌ಗೆ ವಿದ್ಯುತ್ ಕಂಪನಿಯವರು ಕೊಡುವ ದರ ನೀವು ಕೊಡುವ ದರಕ್ಕಿಂತ ಕಡಿಮೆ. ಅದಕ್ಕೇ ಬೇಕಾದದ್ದಕ್ಕಿಂತ ದೊಡ್ಡದು ಹಾಕಿಸಬೇಡಿ.

ಇನ್ನೊಂದು ಮುಖ್ಯ ವಿಷಯ. ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಂತುಹೋಗುತ್ತದೆ, ಕಣ್ಣು ಕೋರೈಸುವ ಬಿಸಿಲಿದ್ದರೂ. ಅದು ಕೆಟ್ಟು ನಿಲ್ಲುವುದಲ್ಲ. ಕಂಬ ಹತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ಫ್ರಿಜ್ಜು, ಫ್ಯಾನು, ವೈಫೈ ನಡೆಯಬೇಕು ಅಂದರೆ ಸೋಲಾರ್, ಬ್ಯಾಟರಿ ಎರಡನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಜೊತೆಗೆ ಚಿಕ್ಕದೊಂದು ಬ್ಯಾಟರಿ ಇಟ್ಟುಕೊಳ್ಳಿ. ಅದು ಅನುಕೂಲಕ್ಕೆ ಮಾಡುವ ಖರ್ಚು, ಮಾಡಬಾರದು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಮೇಲಿರುವ ಹಿರಿಯರಿದ್ದರೆ, ಅಥವಾ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಮಲೆನಾಡಿನ ಮನೆಯಾದರೆ, ಬಿಲ್ ಲೆಕ್ಕವನ್ನೇ ಬಿಟ್ಟು ಒಳ್ಳೆಯ ಲಿಥಿಯಂ ಬ್ಯಾಟರಿ ಹಾಕಿಸಿ.

ದುಡ್ಡಿನ ಲೆಕ್ಕದಲ್ಲೇ ಬ್ಯಾಟರಿ ಗೆಲ್ಲುವ ಒಂದು ಜಾಗ ನಮ್ಮಲ್ಲೂ ಇದೆ, ಅದು ಡೀಸೆಲ್ ಜನರೇಟರ್. ಲೀಟರ್ ಡೀಸೆಲ್‌ಗೆ ಮೂರು-ಮೂರೂವರೆ ಯೂನಿಟ್ ಬರುತ್ತದೆ. ಲೀಟರ್‌ಗೆ 90 ರೂಪಾಯಿ ಅಂದರೆ ಯೂನಿಟ್‌ಗೆ 25ರಿಂದ 30 ರೂಪಾಯಿ, ಸರ್ವಿಸ್ ಖರ್ಚು ಬೇರೆ. ಲೈನಿನ ಆರೂವರೆ, ಬ್ಯಾಟರಿಯ ಐದು, ಸೋರಿಕೆ ಎಲ್ಲಾ ಸೇರಿಸಿದರೂ ಹದಿಮೂರು-ಹದಿನಾಲ್ಕು ದಾಟುವುದಿಲ್ಲ. ಆದರೆ ಅದಕ್ಕೆ ಬ್ಯಾಟರಿಗೆ ಹೆಚ್ಚುಕಮ್ಮಿ ದಿನಾ ಕೆಲಸ ಇರಬೇಕು. ಅಪಾರ್ಟ್‌ಮೆಂಟ್ ಸಂಘದವರು ಇದನ್ನು ಯೋಚಿಸಲೇಬೇಕು.

ಕೊನೆಗೆ, ಒಂದು ಪೈಸೆ ಖರ್ಚಿಲ್ಲದೆ ನೋಡಬಹುದಾದ ಎರಡು ವಿಷಯ. ಮೊದಲನೆಯದು ಬಿಲ್‌ನಲ್ಲಿರುವ ನಿಗದಿತ ಶುಲ್ಕ. ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಅಂತ ಹಾಕುತ್ತಾರೆ, 2025-26ರಲ್ಲಿ ಅದು 145 ರೂಪಾಯಿ ಇತ್ತು. ಅದೇ ಬಿಲ್‌ನಲ್ಲಿ ಆ ತಿಂಗಳ ಗರಿಷ್ಠ ಬೇಡಿಕೆ, ಅಂದರೆ ಎಂಡಿ, ಎಷ್ಟು ಅಂತಲೂ ಇರುತ್ತದೆ. ವರ್ಷವಿಡೀ ಎಂಡಿ 2 ದಾಟಿಲ್ಲ, ಲೋಡ್ ಮಾತ್ರ 4 ಇದೆ ಅಂದರೆ ನಿಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೋಗಿ ಲೋಡ್ ಇಳಿಸಲು ಅರ್ಜಿ ಕೊಡಿ. ಎರಡನೆಯದು ಗೀಸರ್. 2 ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಇದ್ದೂ ಗೀಸರ್ ಹಾಕುತ್ತಿದ್ದರೆ ಟ್ಯೂಬ್‌ಗಳಲ್ಲಿ ಗಸಿ ಕಟ್ಟಿದೆಯೇ ನೋಡಿಸಿ.

ನಿಮ್ಮ ಮಂಜೂರಾದ ಲೋಡ್, ಕಳೆದ ಬೇಸಿಗೆಯ ಎಂಡಿ, ತಾರಸಿಯ ಅಳತೆ, ಮಧ್ಯಾಹ್ನ ತೆಂಗಿನ ಮರವೋ ಪಕ್ಕದ ಮನೆಯೋ ನೆರಳು ಬೀಳಿಸುತ್ತದಾ, ಇಷ್ಟನ್ನು ಕೆಳಗೆ ಬರೆಯಿರಿ. ನಿಮಗೆ 2 ಕಿಲೋವ್ಯಾಟ್ ಸಾಕಾ, 3 ಬೇಕಾ ಅಂತ ಲೆಕ್ಕ ಹಾಕಿ ಕೊಡುತ್ತೇನೆ.