ಅಮ್ಮನ ಕಣ್ಣು, ಮಗನ ಪ್ರಶ್ನೆ

ಓದುಗರೊಬ್ಬರ ಪತ್ರ: "ಅಮ್ಮನಿಗೆ ಗ್ರೇವ್ಸ್ ಕಾಯಿಲೆ. ಕಣ್ಣುಗುಡ್ಡೆ ಮುಂದಕ್ಕೆ ಬಂದಿವೆ. ತಂಗಿಗೆ ಹಾಶಿಮೊಟೊ, ದಿನಾ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ನನಗೂ ನನ್ನ ಆರು ವರ್ಷದ ಮಗಳಿಗೂ ಇದು ಬಂದೇ ಬರುತ್ತಾ? ಜೀನ್ ಪರೀಕ್ಷೆ ಮಾಡಿಸಲೇ? ನನಗೆ ಸದ್ಯ ಏನೂ ತೊಂದರೆ ಇಲ್ಲ. ದಿನಕ್ಕೆ ಐದಾರು ಸಿಗರೇಟ್ ಸೇದುತ್ತೇನೆ, ಅಷ್ಟೇ."

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕೊನೆಯ ಸಾಲು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅಮ್ಮನ ಕಾಯಿಲೆ, ತಂಗಿಯ ಕಾಯಿಲೆ ಬೇರೆ ಬೇರೆ ಅನ್ನಿಸಬಹುದು. ಬೇರು ಒಂದೇ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಥೈರಾಯ್ಡ್ ಮೇಲೆ ತಿರುಗಿಬೀಳುತ್ತದೆ. ಹಾಶಿಮೊಟೊದಲ್ಲಿ ಗ್ರಂಥಿ ನಿಧಾನಕ್ಕೆ ಹಾಳಾಗುತ್ತದೆ. ಗ್ರೇವ್ಸ್‌ನಲ್ಲಿ, ಗ್ರಂಥಿಗೆ ಕೆಲಸ ಹೇಳುವ ಟಿಎಸ್‌ಎಚ್ ಹಾರ್ಮೋನ್ ಕೂರಬೇಕಾದ ಜಾಗದಲ್ಲಿ (ಇದೇ ಟಿಎಸ್‌ಎಚ್ ರಿಸೆಪ್ಟರ್) ರೋಗನಿರೋಧಕ ವ್ಯವಸ್ಥೆಯ ಪ್ರತಿಕಾಯಗಳು ಕೂತು, ಗ್ರಂಥಿಯಿಂದ ಬಿಡುವಿಲ್ಲದೆ ಕೆಲಸ ಮಾಡಿಸುತ್ತವೆ. ಒಂದೇ ಮನೆಯಲ್ಲಿ ಎರಡೂ ಇರುವುದು ಹೊಸದೇನಲ್ಲ.

ಜೀನ್‌ಗಳ ಪಾತ್ರ ದೊಡ್ಡದು, ನಿಜ. ಎಚ್‌ಎಲ್‌ಎ-ಡಿಆರ್3, ಸಿಟಿಎಲ್‌ಎ-4, ಪಿಟಿಪಿಎನ್22 ಎಂಬ ಜೀನ್‌ಗಳು ರೋಗನಿರೋಧಕ ವ್ಯವಸ್ಥೆಗೆ ಸೇರಿದವು. ಟಿಎಸ್‌ಎಚ್ ರಿಸೆಪ್ಟರ್, ಥೈರೋಗ್ಲಾಬ್ಯುಲಿನ್ ಜೀನ್‌ಗಳು ಥೈರಾಯ್ಡ್‌ನವೇ. ಒಂದೊಂದೂ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತದೆ. ಯಾವುದೂ ಒಂಟಿಯಾಗಿ ಕಾಯಿಲೆ ತರುವುದಿಲ್ಲ. ಪಿಟಿಪಿಎನ್22ರ ಅಪಾಯ ಏರಿಸುವ ರೂಪ ಯುರೋಪಿನವರಲ್ಲಿ ಕಾಣುತ್ತದೆ, ಪೂರ್ವ ಏಷ್ಯಾದವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಗ್ರೇವ್ಸ್ ಅಲ್ಲಿಯೂ ಇದೆ. ಡೆನ್ಮಾರ್ಕ್‌ನ ಅವಳಿಗಳ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಒಂದೇ ಜೀನ್‌ಗಳ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಗ್ರೇವ್ಸ್ ಇದ್ದರೆ ಇನ್ನೊಬ್ಬರಿಗೆ ಬಂದದ್ದು ನೂರಕ್ಕೆ ಸುಮಾರು 35ರಷ್ಟು ಮಾತ್ರ. ತದ್ರೂಪಿಯಲ್ಲದ ಅವಳಿಗಳಲ್ಲಿ 3ರಷ್ಟು. ಹಾಗಾಗಿ ಜೀನ್ ಪರೀಕ್ಷೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಬರುತ್ತದೋ ಇಲ್ಲವೋ ಅಂತ ಅದು ಹೇಳಲಾರದು.

ಇನ್ನು ಕಣ್ಣು. ಗ್ರೇವ್ಸ್ ಇರುವ ಎಲ್ಲರಿಗೂ ಕಣ್ಣಿನ ತೊಂದರೆ ಬರುವುದಿಲ್ಲ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬರುತ್ತದೆ. ಥೈರಾಯ್ಡ್‌ನಲ್ಲಿರುವ ಟಿಎಸ್‌ಎಚ್ ರಿಸೆಪ್ಟರ್ ಕಣ್ಣಿನ ಹಿಂದಿನ ಜೀವಕೋಶಗಳಲ್ಲೂ ಇದೆ. ಪ್ರತಿಕಾಯಗಳು ಅವನ್ನೂ ಕೆರಳಿಸುತ್ತವೆ. ಅಲ್ಲಿನ ಕೊಬ್ಬು, ಸ್ನಾಯು ನೀರು ಹಿಡಿದು ಊದುತ್ತವೆ. ಸುತ್ತ ಮೂಳೆ, ಊತಕ್ಕೆ ಜಾಗವಿಲ್ಲ. ಕಣ್ಣುಗುಡ್ಡೆ ಮುಂದಕ್ಕೆ ಬರಲೇಬೇಕು.

ನನ್ನ ಅಕ್ಕನಿಗೆ ಹೀಗೇ ಆಗಿತ್ತು. ಬೆಳಿಗ್ಗೆ ಎದ್ದರೆ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ ಅನ್ನುತ್ತಿದ್ದಳು. ನಿದ್ದೆ ಸಾಲುತ್ತಿಲ್ಲ ಅಂದುಕೊಂಡಿದ್ದೆವು. ಒಂದು ರಾತ್ರಿ ಅವಳು ಮಲಗಿದ್ದಾಗ ನೋಡಿದೆ. ರೆಪ್ಪೆಗಳು ಪೂರ್ತಿ ಮುಚ್ಚಿರಲಿಲ್ಲ. ನಡುವೆ ಬೆಳ್ಳಗೆ ಒಂದು ಗೆರೆ ಕಾಣುತ್ತಿತ್ತು. ಆ ಗೆರೆ ಇನ್ನೂ ಮರೆತಿಲ್ಲ.

ಈಗ ನಿಮ್ಮ ಸಿಗರೇಟಿನ ವಿಷಯ. ಜೀನ್ ನಮ್ಮ ಕೈಯಲ್ಲಿಲ್ಲ, ಇದು ಇದೆ. ಗ್ರೇವ್ಸ್ ಇದ್ದು ಸಿಗರೇಟ್ ಸೇದುವವರಿಗೆ ಕಣ್ಣಿನ ತೊಂದರೆ ಜಾಸ್ತಿ ಬರುತ್ತದೆ, ಬಂದರೆ ಜೋರಾಗಿ ಬರುತ್ತದೆ, ಔಷಧಿಯೂ ಸರಿಯಾಗಿ ಹಿಡಿಯುವುದಿಲ್ಲ. ಗಂಡಸರಿಗೆ ಗ್ರೇವ್ಸ್ ಹೆಂಗಸರಿಗಿಂತ ಅಪರೂಪ, ನಿಜ. ಆದರೆ ಅವರ ಕಣ್ಣಿಗೆ ಬಂದಾಗ ಹೆಚ್ಚು ತೀವ್ರವಾಗಿರುತ್ತದೆ. "ಅಷ್ಟೇ" ಅಂತ ಬರೆದಿದ್ದೀರಲ್ಲ, ಅದು ಅಷ್ಟೇ ಅಲ್ಲ. ದಯವಿಟ್ಟು ಬಿಡಿ. ಒಬ್ಬರೇ ಬಿಡಲಾಗದಿದ್ದರೆ ಡಾಕ್ಟರ ನೆರವು ಪಡೆಯಿರಿ.

ಮಗಳಿಗೆ ಈಗ ಯಾವ ಪರೀಕ್ಷೆಯೂ ಬೇಡ. ಚೆನ್ನಾಗಿ ತಿಂದರೂ ಸೊರಗುವುದು, ಕೈ ನಡುಕ, ಕುತ್ತಿಗೆ ಊತ, ಎತ್ತರ ಬೆಳೆಯದಿರುವುದು ಇಂಥದ್ದು ಕಂಡರೆ ಒಂದು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ನಿಮಗೂ ಅದೇ ಮಾತು.

ಅಮ್ಮನ ಥೈರಾಯ್ಡ್ ಮಟ್ಟ ಏರದೆ, ಇಳಿಯದೆ ಸಮವಾಗಿರಲಿ. ಏರುಪೇರಾದರೆ ಕಣ್ಣು ಕೆಡುತ್ತದೆ. ಯಾರಾದರೂ ರೇಡಿಯೋ ಅಯೋಡಿನ್ ಚಿಕಿತ್ಸೆ (ವಿಕಿರಣ ಸೂಸುವ ಅಯೋಡಿನ್ ಕೊಟ್ಟು ಥೈರಾಯ್ಡ್ ಅಡಗಿಸುವುದು) ಹೇಳಿದರೆ, ಕಣ್ಣಿನ ತೊಂದರೆ ಇದೆ ಅಂತ ಮೊದಲೇ ತಿಳಿಸಿ, ಅದರಿಂದ ಕಣ್ಣು ಇನ್ನಷ್ಟು ಕೆಡುವ ಸಾಧ್ಯತೆ ಇದೆ. ಆಗಾಗ ಅವರ ಒಂದು ಕಣ್ಣು ಮುಚ್ಚಿ ಕೆಂಪು ಬಟ್ಟೆ ತೋರಿಸಿ, ಆಮೇಲೆ ಇನ್ನೊಂದು ಕಣ್ಣು. ಒಂದರಲ್ಲಿ ಕೆಂಪು ಮಂಕಾಗಿ ಕಂಡರೆ ಕಣ್ಣಿನ ನರ ಒತ್ತಿಕೊಂಡಿರಬಹುದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.